ಸಂಗಮದ ಕಾಡಿನಲ್ಲಿ ಉಪ್ಪಿಟ್ಟವರು

ಕನಕಪುರದಿಂದ ದೊಡ್ಡಾಲಹಳ್ಳಿ ದಾಟಿ ಸಂಗಮದ ದಾರಿ ಹಿಡಿದರೆ ಹಿಪ್ಪುನೇರಳೆ ತೋಟ, ತೆಂಗು, ಮಾವು ಒಂದೊಂದಾಗಿ ಹಿಂದೆ ಸರಿದು ಎರಡೂ ಕಡೆ ಕುರುಚಲು ಕಾಡು ಶುರುವಾಗುತ್ತದೆ. ಭಾನುವಾರವಾದರೆ ಇದು ಮೇಕೆದಾಟಿಗೆ ಹೋಗುವ ಬೆಂಗಳೂರಿನ ಬೈಕುಗಳ ರಸ್ತೆ. ನಾನು ಹೋದದ್ದು ವಾರದ ನಡುವೆ, ಯುಗಾದಿಗೆ ಇನ್ನು ಎಂಟು ದಿನವಿತ್ತು. ಜಿಂಕೆಗೆ ತಿನಿಸು ತೋರಿಸಿ ಕೊಲ್ಲುವುದು ಈ ಸೀಮೆಯಲ್ಲಿ ಹೇಗೆ ನಡೆಯುತ್ತದೆ, ಅದನ್ನು ತಡೆಯುವವರು ಏನನ್ನು ಹುಡುಕುತ್ತಾರೆ ಎಂದು ಕಣ್ಣಾರೆ ಕಾಣಬೇಕಿತ್ತು. ಅನುಮತಿ ಪಡೆದು, ಕಾಡು ಕಾಯುವ ವಾಚರ್ ಒಬ್ಬರ ಹಿಂದೆ ಬೆಳಗಿನ ಆರಕ್ಕೆ ಹೊರಟೆ.

ಅರ್ಕಾವತಿ ಕಾವೇರಿಯನ್ನು ಕೂಡುವ ಈ ಪ್ರದೇಶ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿದೆ. ಆಮೇಲೆ ವಿಸ್ತರಣೆಯಾಗಿ ಧಾಮವೀಗ ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಹೊಳೆಯ ದಡದುದ್ದಕ್ಕೂ ಹೊಳೆಮತ್ತಿ, ದಿಬ್ಬ ಹತ್ತಿದರೆ ಕಮರ, ದಿಂಡಿಗ, ಮುಳ್ಳು. ಬೇಸಿಗೆಯಲ್ಲಿ ದಿಬ್ಬದ ಕಾಡು ಎಲೆಯುದುರಿಸಿ ಬಯಲಾಗಿ ನಿಲ್ಲುತ್ತದೆ. ಜಿಂಕೆಯೂ ಕಡವೆಯೂ ಆಗ ನೀರಿನ ಕಡೆಗೆ ಇಳಿಯುತ್ತವೆ.

ನನ್ನ ಜೊತೆಗಾರರು ತಲೆ ಎತ್ತುತ್ತಲೇ ಇರಲಿಲ್ಲ. ಕೇಳಿದ್ದಕ್ಕೆ, "ಮ್ಯಾಲೆ ನೋಡ್ಕಂಡು ನಡೆದ್ರೆ ಹಕ್ಕಿ ಕಾಣ್ತದೆ ಸಾ. ನಮ್ಗೆ ಬೇಕಾಗಿರೋದು ನೆಲದ ಮ್ಯಾಲೆ ಅದೆ" ಅಂದರು.

ಹಳ್ಳದ ತಿರುವಿನಲ್ಲಿ ಒಂದು ಅತ್ತಿ ಮರ. ಮೇಲೆ ಮುಸುವಗಳ ಹಿಂಡು, ಕೆಳಗೆ ಏಳೆಂಟು ಜಿಂಕೆ. ಮುಸುವ ಅರ್ಧ ಕಚ್ಚಿ ಬಿಸಾಡಿದ ಹಣ್ಣು, ಮುರಿದು ಕೆಡವಿದ ಚಿಗುರು ಜಿಂಕೆಗಳ ಪಾಲು. ಒಂದು ಹೆಣ್ಣು ಜಿಂಕೆ ಮುಂಗಾಲು ಎತ್ತಿ ನಿಂತು, ಮೇಲೆ ಕೊಂಬೆ ಅಲುಗಿದ ಕಡೆಗೇ ಕಿವಿ ತಿರುಗಿಸುತ್ತಿತ್ತು. ತಿನ್ನುವುದು ಎಲ್ಲಿ ಬೀಳುತ್ತದೆ ಎಂಬುದನ್ನು ಅದು ಬೇಗ ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ. ಮೋಸ ಶುರುವಾಗುವುದು ಇಲ್ಲಿಂದಲೇ.

ಅಲ್ಲಿಂದ ಅರ್ಧ ಗಂಟೆ ನಡೆದಿರಬೇಕು. ಹಳ್ಳದ ದಂಡೆಯಲ್ಲಿ ಮಣ್ಣು ಗುಡಾಣದ ಹಾಗೆ ಒಳಕ್ಕೆ ತೋಡಿಕೊಂಡಿತ್ತು. ಪ್ರಾಣಿಗಳು ವರ್ಷವರ್ಷ ನೆಕ್ಕಿ ನೆಕ್ಕಿ ಸವೆಸಿದ ಚೌಳು ಮಣ್ಣು ಅದು. ಎಲೆ ಹುಲ್ಲುಗಳಲ್ಲಿ ಉಪ್ಪಿನಂಶ ತೀರಾ ಕಡಿಮೆ. ಮರಿಗೆ ಹಾಲೂಡುವ ತಾಯಿಗೂ ಕೊಂಬು ಬೆಳೆಸುತ್ತಿರುವ ಗಂಡಿಗೂ ಅದು ಬೇಕೇ ಬೇಕು. ಅದಕ್ಕೇ ಇಂಥ ಜಾಗಕ್ಕೆ ದೂರದಿಂದ ಬರುತ್ತವೆ. ಜಿಂಕೆ ಹಗಲಿನಲ್ಲಿ, ಕಡವೆ ಕತ್ತಲಾದ ಮೇಲೆ.

ವಾಚರ್ ದಂಡೆ ಬಿಟ್ಟು, ಹತ್ತು ಮಾರು ದೂರದ ಬೋಳು ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳಿನಿಂದ ಮಣ್ಣು ಕೆದಕಿ ಅಂಗೈಗೆ ಹಾಕಿಕೊಂಡು ನನ್ನ ಮುಂದೆ ಹಿಡಿದರು. ಕೆಂಪು ಮಣ್ಣಿನ ನಡುವೆ ನಾಲ್ಕೈದು ಬಿಳಿ ಹರಳು, ಅಂಚು ಕರಗಿ ನುಣ್ಣಗಾದವು.

"ಅಂಗಡಿ ಉಪ್ಪು. ನಮ್ಮೋರು ಹಾಕಿದ್ದಲ್ಲ. ಯಾರೋ ತಂದು ಮಡಗವ್ರೆ."

ಎದುರಿಗಿದ್ದ ಮರದ ಕವಲಿನಲ್ಲಿ ತೊಗಟೆ ಉಜ್ಜಿಹೋಗಿತ್ತು. ನೋಟಕ್ಕೆ ಅಡ್ಡ ಬರುವ ಎರಡು ಕೊಂಬೆ ಸವರಿದ್ದರು, ಕತ್ತಿಯ ಗಾಯ ಇನ್ನೂ ಹಸಿ. ಬುಡದಲ್ಲಿ ಬೀಡಿಯ ತುಂಡು. ಕೋವಿ ಅಲ್ಲಿರಲಿಲ್ಲ, ರಕ್ತವೂ ಇರಲಿಲ್ಲ. ಆದರೂ ಅವರ ಮುಖ ಕಂದಿತ್ತು. ಹೊಡೆಯುವವರು ಬಂದ ದಿನವೇ ಹೊಡೆಯುವುದಿಲ್ಲವಂತೆ. ಮೊದಲು ಉಪ್ಪು ಹಾಕಿ ಹೋಗುತ್ತಾರೆ, ನಾಲ್ಕು ದಿನ ಬಿಟ್ಟು ಹೆಜ್ಜೆ ನೋಡುತ್ತಾರೆ, ರೂಢಿಯಾಗಿದೆ ಎಂದು ಖಾತ್ರಿಯಾದ ಮೇಲೆ ಮರ ಹತ್ತುತ್ತಾರೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ಕೇಳಿ ಬೆಳೆದವನು ನಾನು. ಉಪ್ಪನ್ನೇ ಇಟ್ಟು ಕೊಲ್ಲುವುದನ್ನು ಮನಸ್ಸು ಒಪ್ಪುವುದಿಲ್ಲ.

ಬೇಟೆ ಎಂದರೆ ಗುಂಡು ಹೊಡೆಯುವುದು ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅರ್ಥ ಅದಕ್ಕಿಂತ ಅಗಲ. ಕೊಲ್ಲುವುದು, ವಿಷ ಹಾಕುವುದು, ಉರುಳು ಒಡ್ಡುವುದು, ಅಟ್ಟುವುದರ ಜೊತೆಗೆ ಆಮಿಷ ಇಡುವುದೂ, ಇವಕ್ಕೆ ಯತ್ನಿಸುವುದೂ ಅಲ್ಲಿ ಬೇಟೆಯೇ. ಅಂದರೆ ಆ ನಾಲ್ಕು ಹರಳು ನೆಲಕ್ಕೆ ಬಿದ್ದಾಗಲೇ ಅಪರಾಧ ಆಗಿಹೋಗಿತ್ತು. ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿದ್ದ ಆರಂಭದ ವರ್ಷಗಳಲ್ಲೂ, ಪ್ರಾಣಿ ಉಪ್ಪು ನೆಕ್ಕುವ ಜಾಗದಲ್ಲಿ, ನೀರು ಕುಡಿಯುವ ಜಾಗದಲ್ಲಿ, ಅಲ್ಲಿಗೆ ಹೋಗುವ ದಾರಿಯಲ್ಲಿ ಹೊಡೆಯಕೂಡದೆಂದು ಕಾಯ್ದೆಯಲ್ಲಿತ್ತು. 1991ರ ತಿದ್ದುಪಡಿಯಲ್ಲಿ ಪರವಾನಗಿಯ ಬೇಟೆಯೇ ಹೋಯಿತು.

ಎಲ್ಲ ಕಡೆ ಹೀಗಿಲ್ಲ. ನಮ್ಮ ಚುಕ್ಕೆ ಜಿಂಕೆಯನ್ನೇ 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿಗೆ ಒಯ್ದು ಬಿಟ್ಟರು. ಅಲ್ಲಿ ಮೂರು ಕಾಲಿನ ಡ್ರಮ್ಮಿಗೆ ಟೈಮರ್ ಕಟ್ಟಿ, ಹೊತ್ತಿಗೆ ಸರಿಯಾಗಿ ಮುಸುಕಿನ ಜೋಳ ಎರಚಿಸಿ, ಮೇಯಲು ಬಂದ ಜಿಂಕೆಯನ್ನು ಹೊಡೆಯುವುದು ಖಾಸಗಿ ಜಮೀನಿನಲ್ಲಿ ಕಾನೂನುಬದ್ಧ. ಅದೇ ದೇಶದ ಮಿಷಿಗನ್ನಿನಲ್ಲಿ ಕಾಡುಜಿಂಕೆಗಳಿಗೆ ದನದ ಕ್ಷಯ ಹರಡಿದಾಗ ತಿನಿಸಿನ ರಾಶಿಯ ಮೇಲೆಯೇ ನಿರ್ಬಂಧ ಬಂತು. ಒಂದೇ ರಾಶಿಗೆ ಹತ್ತಾರು ಮೂತಿ ತಾಗಿದರೆ ಜೊಲ್ಲಿನ ಜೊತೆ ರೋಗವೂ ದಾಟುತ್ತದೆ.

ಬಿಸಿಲೇರುವ ಹೊತ್ತಿಗೆ ಕಾಡಂಚಿನ ಹೊಲಕ್ಕೆ ಬಂದೆವು. ಹುರುಳಿ, ರಾಗಿ, ಅವರೆ ಬೆಳೆಯುವ ಜಮೀನು. ಇಲ್ಲಿ ಯಾರೂ ಉಪ್ಪು ಹಾಕಬೇಕಿಲ್ಲ, ಬೆಳೆಯೇ ಸಾಕು. ಬೇಲಿಯ ಕಿಂಡಿಯಲ್ಲಿ ಬೈಕಿನ ಕ್ಲಚ್ ಕೇಬಲ್ಲಿನ ಉರುಳೊಂದು ನನ್ನ ಮೊಣಕಾಲೆತ್ತರಕ್ಕೆ ನೇತಾಡುತ್ತಿತ್ತು. ಪಕ್ಕದಲ್ಲೇ ನಿಂತಿದ್ದರೂ ನಾನು ಕಂಡಿರಲಿಲ್ಲ. ವಾಚರ್ ಅದನ್ನು ಬಿಚ್ಚಿ ಕೈಗೆ ಕೊಟ್ಟಾಗ, ಒಂದು ಬೆರಳು ತೂರಿಸಿ ಎಳೆದು ನೋಡಿದೆ. ಎಳೆದಷ್ಟೂ ಬಿಗಿಯಿತು, ಬಿಟ್ಟರೆ ಸಡಿಲವಾಗಲಿಲ್ಲ. ಹಂದಿಗೋ ಜಿಂಕೆಗೋ ಒಡ್ಡಿದ್ದಕ್ಕೆ ಬೇಲಿ ನುಸುಳುವ ಯಾವ ಪ್ರಾಣಿಯೂ ಕೊರಳು ಕೊಡುತ್ತದೆ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2009ರಿಂದ 2020ರವರೆಗೆ ಕರ್ನಾಟಕದಲ್ಲಿ ಚಿರತೆಗಳು ಉರುಳಿಗೆ ಬಿದ್ದ 113 ಪ್ರಕರಣಗಳನ್ನು ದಾಖಲಿಸಿದರು. ಬಿದ್ದವುಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತವು. ಮಾಗಡಿ, ರಾಮನಗರದ ಬಂಡೆಬೆಟ್ಟಗಳ ಸುತ್ತ ಚಿರತೆ ಓಡಾಡುವುದು ಇಂಥದೇ ಬೇಲಿಗಳ ನಡುವೆ.

ಹೊಲದ ಯಜಮಾನರು ಉರುಳು ತಮ್ಮದಲ್ಲ ಎಂದರು. ನಾನೂ ಒತ್ತಾಯಿಸಲಿಲ್ಲ. "ಮೂರು ತಿಂಗ್ಳು ಅಟ್ಟಣೆ ಮ್ಯಾಲೆ ನಿದ್ದೆಗೆಟ್ಟು ಕಾಯ್ತೀವಿ ಸ್ವಾಮಿ. ಒಂದು ರಾತ್ರಿ ಮೈಮರೆತ್ರೆ ಆನೆ ಹೊಕ್ಕತದೆ, ಹಂದಿ ಹೊಕ್ಕತದೆ. ಪರಿಹಾರಕ್ಕೆ ಅರ್ಜಿ ಕೊಟ್ಟು ಅಲೆಯೋನು ಯಾರು?" ಅವರ ನಷ್ಟ ನಿಜ, ಅದನ್ನು ಬೇಗ ಕಟ್ಟಿಕೊಡದೆ ಕಾಡಂಚಿನವರಿಗೆ ಬುದ್ಧಿ ಹೇಳುವುದು ಸಲ್ಲದು. ಆದರೆ ಉಪ್ಪು ಹೊತ್ತು ಕಾಡಿನೊಳಕ್ಕೆ ಹೋದವನಿಗೆ ಕಾಯಬೇಕಾದ ಬೆಳೆ ಇರಲಿಲ್ಲ. ಅವನಿಗೆ ಬೇಕಾಗಿದ್ದು ಮಾಂಸ. ಯುಗಾದಿಯ ಮರುದಿನದ ಬಾಡೂಟದ ಹಬ್ಬ ಹೊಸತೊಡಕು ಹತ್ತಿರ ಬಂದಿತ್ತು. ಹಿಂದೆ ಆ ದಿನ ಊರೇ ಗುಂಪು ಕಟ್ಟಿ ಬೇಟೆಗೆ ಹೋಗುತ್ತಿದ್ದುದನ್ನು ಯಜಮಾನರೇ ನೆನೆದರು.

ವಾಪಸಾಗುವಾಗ ಮತ್ತೆ ಚೌಳಿನ ಹಳ್ಳಕ್ಕೆ ಬಂದೆವು. ಉಪ್ಪು ಬಿದ್ದಿದ್ದ ಮಣ್ಣನ್ನು ವಾಚರ್ ಬೆಳಿಗ್ಗೆಯೇ ಕೆರೆದು, ಚೀಲಕ್ಕೆ ತುಂಬಿಕೊಂಡಿದ್ದರು. ನಾವು ಬಂಡೆಯ ಮರೆಯಲ್ಲಿ ಕೂತೆವು. ಐದೂವರೆಯ ಸುಮಾರಿಗೆ ಒಂದು ತಾಯಿ ಜಿಂಕೆ, ಹಿಂದೆ ಮರಿ. ಚೌಳಿನ ದಂಡೆಯ ಕಡೆಗೆ ತಿರುಗಲೇ ಇಲ್ಲ. ನೆಟ್ಟಗೆ ಆ ಬೋಳು ನೆಲಕ್ಕೆ ಬಂದು, ಕೆರೆದ ಗುಂಡಿಗೆ ಮೂತಿಯಿಟ್ಟು ನೆಕ್ಕತೊಡಗಿತು. ಮರಿಯೂ ಅದರಂತೆಯೇ ಬಗ್ಗಿತು.

"ಇನ್ನೂ ಎಷ್ಟು ದಿನ ಬರ್ತವೆ ಅಣ್ಣ?"

"ರುಚಿ ಹತ್ತದೆ ಸಾ. ಮಳೆ ಬೀಳಗಂಟ ಬತ್ತವೆ." ಬುತ್ತಿ, ಬ್ಯಾಟರಿ ತರಲು ಇನ್ನೊಬ್ಬ ವಾಚರಿಗೆ ವಾಕಿಯಲ್ಲಿ ಹೇಳಿ, ಕೊಂಬೆ ಸವರಿದ್ದ ಆ ಮರದ ಕವಲಿಗೆ ಅವರು ಹತ್ತಿ ಕೂತರು. ಕಡವೆ ಬರುವ ಹೊತ್ತಾಗುತ್ತಿತ್ತು.