ಮಕ್ಕಳ ಕೈಗೆ ಗಾಡಿ ಕೀ ಕೊಡುವ ಮುನ್ನ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರುಗಳ ಪಾಲನೆ ಇಂಥ ವಿಷಯಗಳನ್ನೇ ಓದುವ ನಿಮಗೆ ಈ ಸಲ ಬೇರೆ ವಿಷಯ ಹೇಳಬೇಕಿದೆ. ರಾಸುಗಳ ಚಿಕಿತ್ಸೆಗೆಂದು ದಿನವೂ ಹಳ್ಳಿ ರಸ್ತೆಗಳಲ್ಲಿ ಓಡಾಡುವವಳು ನಾನು. ಡೇರಿ ಮುಚ್ಚುವ ಹೊತ್ತು ಹತ್ತಿರವಾದಂತೆ ಎದುರಿಗೆ ಬರುವ ಬೈಕುಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಹ್ಯಾಂಡಲ್‌ಗೆ ಹಾಲಿನ ಕ್ಯಾನ್, ಹಿಂದೆ ತಮ್ಮನೋ ತಂಗಿಯೋ, ತಲೆಗೆ ಹೆಲ್ಮೆಟ್ ಇಲ್ಲ. ಓಡಿಸುವ ಹುಡುಗನಿಗೆ ಇನ್ನೂ ಮೀಸೆ ಚಿಗುರಿಲ್ಲ. ಅವನನ್ನು ಕಳಿಸಿದವರು ಮನೆಯವರೇ.

ಕಳಿಸುವುದಕ್ಕೆ ಕಾರಣವೂ ಇದೆ. ಕೊಟ್ಟಿಗೆ ಕೆಲಸ, ಅಡುಗೆ, ಮೇವು ಎಲ್ಲ ಒಟ್ಟಿಗೆ ಬಂದಾಗ ಕೈಗೆ ಸಿಗುವುದು ಮಗನೇ. ಆದರೂ ಕೀ ಕೊಡುವ ಮೊದಲು ತಿಳಿದಿರಬೇಕಾದ ಕೆಲವು ಮಾತುಗಳಿವೆ.

ಆರ್‌ಸಿ ಯಾರ ಹೆಸರಿನಲ್ಲಿದೆ?

ಹಾಲಿನ ಬಟವಾಡೆ ಹಣದಲ್ಲಿ ಕಂತು ಕಟ್ಟಿ ತೆಗೆದುಕೊಂಡ ಗಾಡಿ ಎಷ್ಟೋ ಮನೆಗಳಲ್ಲಿ ತಾಯಿಯ ಹೆಸರಿನಲ್ಲೇ ಇರುತ್ತದೆ. ಹಾಗಿದ್ದರೆ ಕಾನೂನು ಮೊದಲು ಕೇಳುವುದು ನಿಮ್ಮನ್ನೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 199ಎ ಎಂಬ ಕಲಂ ಸೇರಿದೆ. 18 ವರ್ಷ ತುಂಬದ ಮಗ ಅಥವಾ ಮಗಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರು. 25,000 ರೂಪಾಯಿ ದಂಡ, ಜೊತೆಗೆ 3 ವರ್ಷದವರೆಗೆ ಸಜೆ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಗಾಡಿ ಕೊಟ್ಟಿದ್ದು ನಿಮ್ಮ ಒಪ್ಪಿಗೆಯಿಂದಲೇ ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲ ಎಂದು ತೋರಿಸಬೇಕಾದವರು ನೀವು.

"16 ತುಂಬಿದರೆ ಓಡಿಸಬಹುದಂತೆ" ಎಂದು ಹಲವರು ಹೇಳುತ್ತಾರೆ. ಆ ಅವಕಾಶ ಇರುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಈಗ ಹಾಲು ಸಾಗಿಸುವ ಎಕ್ಸ್‌ಎಲ್ ಮೊಪೆಡ್ ಕೂಡ 100 ಸಿಸಿ ಆಸುಪಾಸಿನದು.

ವಿಮೆಯ ಮಾತೂ ಇದೆ. ಲೈಸೆನ್ಸ್ ಇಲ್ಲದವರು ಅಪಘಾತ ಮಾಡಿದರೆ, ಎದುರಿನವರಿಗೆ ಕೊಟ್ಟ ಪರಿಹಾರವನ್ನು ವಿಮಾ ಕಂಪನಿ ಮಾಲೀಕರಿಂದಲೇ ವಸೂಲಿ ಮಾಡಬಹುದು. ಕೊಟ್ಟಿಗೆಯ ಹಸು ಮಾರಿದರೂ ತೀರದ ಸಾಲ ಅದು.

ಕಾಲು ಎಟುಕಿದರೆ ಸಾಲದು

ಕಡಸು ಮೊದಲ ಸಲ ಬೆದೆಗೆ ಬಂದ ತಕ್ಷಣ ನಾವು ಕೃತಕ ಗರ್ಭಧಾರಣೆ ಮಾಡಿಸುವುದಿಲ್ಲ. ಮಿಶ್ರತಳಿಯಾದರೆ ಮೈತೂಕ 250 ಕೆಜಿ ಆಸುಪಾಸಿಗೆ ಬರಲಿ ಎಂದು ಕಾಯುತ್ತೇವೆ. ಬೆದೆಗೆ ಬಂದಿದ್ದರೂ ಗರ್ಭ ಹೊರುವ ಶಕ್ತಿ ಮೈಗೆ ಬಂದಿರುವುದಿಲ್ಲ. ಮಕ್ಕಳ ವಿಷಯವೂ ಹೀಗೆಯೇ. ಕಾಲು ನೆಲಕ್ಕೆ ಎಟುಕಿತು, ಗೇರ್ ಹಾಕಲು ಬಂತು ಅಂದರೆ ಗಾಡಿ ಓಡಿಸಲು ಬಂತು ಅಂತಲ್ಲ. ಓಡಿಸುವುದರಲ್ಲಿ ಕೈಕಾಲಿನ ಕೆಲಸ ಸ್ವಲ್ಪ, ಕಣ್ಣು ಮತ್ತು ತಾಳ್ಮೆಯ ಕೆಲಸ ಜಾಸ್ತಿ.

ಒಂದು ಲೆಕ್ಕ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ, 60ರಲ್ಲಿ ಸುಮಾರು 17 ಮೀಟರ್. ಎದುರಿಗೆ ಕರು ಬಂತೆಂದು ಕಂಡು, ಬ್ರೇಕ್ ಹಿಡಿಯುವಷ್ಟರಲ್ಲಿ ಆ ಸೆಕೆಂಡು ಕಳೆದಿರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಲೈಸೆನ್ಸ್ ಬಂದ ಮೇಲೂ ಕಲಿಯಬೇಕಾದ್ದು

18 ತುಂಬಿದ ಮೇಲೆ ಮೊದಲು ಎಲ್‌ಎಲ್‌ಆರ್ ಮಾಡಿಸಿ. ಅದು 6 ತಿಂಗಳು ಊರ್ಜಿತ. 30 ದಿನ ಕಳೆದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಓಡಿಸಿ ತೋರಿಸಿ ಲೈಸೆನ್ಸ್ ಪಡೆಯಬಹುದು. ಕಲಿಯುವಾಗ ಗಾಡಿಯ ಹಿಂದೆ ಮುಂದೆ 'ಎಲ್' ಫಲಕ ಇರಬೇಕು; ಹಿಂದೆ ಕೂರುವುದಾದರೆ ಲೈಸೆನ್ಸ್ ಇದ್ದು ಕಲಿಸುವವರೇ ಕೂರಬೇಕು. ಎಳೆ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟಿ ನೊಗಕ್ಕೆ ರೂಢಿ ಮಾಡುವಂತೆ, ಮೊದಲ ಕೆಲವು ತಿಂಗಳು ಅನುಭವವಿದ್ದ ದೊಡ್ಡವರು ಜೊತೆಗಿರಲಿ. ಮೊದಲು ಖಾಲಿ ಗಾಡಿ, ಹಗಲು ಹೊತ್ತು, ಊರೊಳಗಿನ ರಸ್ತೆ. ಆಮೇಲೆ ಹಾಲಿನ ಕ್ಯಾನ್. ಕತ್ತಲು, ಮಳೆ, ಹೆದ್ದಾರಿ ಎಲ್ಲಕ್ಕಿಂತ ಕೊನೆಗೆ.

ನಮ್ಮ ಹಳ್ಳಿ ರಸ್ತೆಗೇ ಸೇರಿದ ಕೆಲವು ಪಾಠಗಳನ್ನು ನೀವೇ ಹೇಳಿಕೊಡಬೇಕು:

• ಕ್ಯಾನನ್ನು ಹ್ಯಾಂಡಲ್‌ಗೆ ನೇತುಹಾಕಬಾರದು. 20 ಲೀಟರ್ ಹಾಲೇ 20 ಕೆಜಿಗಿಂತ ಹೆಚ್ಚು ತೂಗುತ್ತದೆ. ಆ ಭಾರ ತಿರುವಿನಲ್ಲಿ ಹ್ಯಾಂಡಲನ್ನು ಒಂದು ಕಡೆಗೆ ಎಳೆಯುತ್ತದೆ. ಕ್ಯಾನ್ ಅರ್ಧ ತುಂಬಿದ್ದರೆ ಹಾಲು ತುಳುಕಿ ಇನ್ನಷ್ಟು ಓಲಾಡಿಸುತ್ತದೆ. ಹಿಂದೆ ಕಬ್ಬಿಣದ ಸ್ಟ್ಯಾಂಡ್ ಹಾಕಿಸಿ, ಬಿಗಿಯಾಗಿ ಕಟ್ಟಿ.

• ಹುಲ್ಲಿನ ಹೊರೆ ಹಿಂದಿನ ದೀಪವನ್ನು, ಇಂಡಿಕೇಟರನ್ನು ಮುಚ್ಚಬಾರದು.

• ರಾಸುಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತವೆ. ಅವಕ್ಕೆ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ಹಿಂದಿನಿಂದ ಹೋಗಿ ಹಾರ್ನ್ ಹೊಡೆದರೆ ಬೆದರಿ ಯಾವ ಕಡೆಗೆ ಬೇಕಾದರೂ ನೆಗೆಯುತ್ತವೆ. ವೇಗ ತಗ್ಗಿಸಬೇಕು. ರಸ್ತೆ ದಾಟುತ್ತಿರುವ ಹಸುವಿನ ಮುಂದೆ ನುಗ್ಗದೆ, ಅದು ದಾಟುವ ತನಕ ಕಾಯಬೇಕು.

• ಹಸು ಒಂದು ಕಡೆ, ಕರು ಇನ್ನೊಂದು ಕಡೆ ಕಂಡರೆ ಗಾಡಿ ನಿಲ್ಲಿಸಿಬಿಡಬೇಕು. ಕರು ತಾಯಿಯ ಕಡೆಗೆ ಓಡಿಯೇ ಓಡುತ್ತದೆ.

• ಒಕ್ಕಣೆ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಅಲ್ಲಿ ದಿಢೀರನೆ ಬ್ರೇಕ್ ಹಿಡಿಯಬಾರದು.

• ಐಎಸ್‌ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ ಬೇಕು. ಗಲ್ಲದ ಪಟ್ಟಿ ಹಾಕದಿದ್ದರೆ ಬಿದ್ದಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ. ಡೇರಿ ಎರಡೇ ಫರ್ಲಾಂಗ್ ದೂರವಿದ್ದರೂ ಹಾಕಬೇಕು.

ರಾಸು ಕಟ್ಟುವ ನಮ್ಮ ಹೊಣೆಯೂ ಇದೆ. ರಸ್ತೆ ಬದಿ ಮೇಯಲು ಕಟ್ಟಿದ ಹಸು ಆಚೆ ಬದಿಗೆ ಹೋದರೆ ಹಗ್ಗ ರಸ್ತೆಗೆ ಅಡ್ಡವಾಗುತ್ತದೆ. ಮುಸ್ಸಂಜೆಯಲ್ಲಿ ಆ ಹಗ್ಗ ಬೈಕಿನವರ ಕಣ್ಣಿಗೆ ಬೀಳುವುದೇ ಇಲ್ಲ. ಹಗ್ಗ ಗಿಡ್ಡವಿರಲಿ, ಕತ್ತಲಾಗುವ ಮೊದಲು ಮನೆಗೆ ಹೊಡೆದುಕೊಂಡು ಬನ್ನಿ. ಎಮ್ಮೆಗಳ ಕೊಂಬಿಗೆ, ಕೊರಳಪಟ್ಟಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ.

ಅವಸರ ಎಲ್ಲಿಂದ ಬರುತ್ತದೆ?

ಹುಡುಗರು ವೇಗವಾಗಿ ಹೋಗುವುದು ಹುಮ್ಮಸ್ಸಿಗೆ ಮಾತ್ರವಲ್ಲ. "ಓಡು, ಡೇರಿ ಮುಚ್ಚುತ್ತಾರೆ" ಎಂದು ನಾವೇ ಕೂಗಿ ಕಳಿಸುತ್ತೇವೆ. ಈ ಅವಸರಕ್ಕೆ ಮದ್ದು ಕೊಟ್ಟಿಗೆಯಲ್ಲೇ ಇದೆ. ಹಾಲು ಕರೆಯುವ ಹೊತ್ತನ್ನು ಕಾಲು ಗಂಟೆ ಹಿಂದಕ್ಕೆ ತನ್ನಿ. ಒಮ್ಮೆಲೇ ಬೇಡ. ಎರಡು ಮೂರು ದಿನಕ್ಕೊಮ್ಮೆ ಐದು ನಿಮಿಷದಂತೆ ಬದಲಿಸಿದರೆ ಹಸು ಸುಲಭವಾಗಿ ಹೊಂದಿಕೊಳ್ಳುತ್ತದೆ. ಕೆಚ್ಚಲು ತೊಳೆದು ಒರೆಸಿ, ಶುಚಿಯಾದ ಪಾತ್ರೆಗೆ ಕರೆದ ಹಾಲು ಹತ್ತು ನಿಮಿಷ ನಿಧಾನವಾಗಿ ಹೋದ ಮಾತ್ರಕ್ಕೆ ಕೆಡುವುದಿಲ್ಲ.

ಮನೆಯಲ್ಲಿ ದೊಡ್ಡವರು ಯಾರೂ ಬಿಡುವಾಗಿಲ್ಲದಿದ್ದರೆ ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ, ಲೈಸೆನ್ಸ್ ಇರುವ ಒಬ್ಬರ ಗಾಡಿಯಲ್ಲಿ ಸರದಿಯಂತೆ ಹಾಲು ಕಳಿಸಬಹುದು. ಪ್ರತಿ ಮನೆಯ ಕ್ಯಾನಿಗೆ ಹೆಸರು ಬರೆದಿರಲಿ, ಆಗ ಫ್ಯಾಟ್ ಲೆಕ್ಕವೂ ಗೊಂದಲವಾಗದು. ಕ್ಯಾನ್ ಸಣ್ಣದಿದ್ದರೆ ಮಗನಿಗೆ ಸೈಕಲ್ ಸಾಕು. ಇನ್ನೊಂದು ದಾರಿಯನ್ನು ಮರೆಯಬೇಡಿ: ಗಾಡಿ ನಿಮ್ಮದೇ ಆದರೆ ಲೈಸೆನ್ಸ್ ನೀವೇ ಮಾಡಿಸಿಕೊಳ್ಳಿ. ನಾಲ್ಕು ಹಸು ಸಾಕಿ ಮನೆ ನಡೆಸುವವರಿಗೆ ಸ್ಕೂಟರ್ ಕಲಿಯುವುದು ದೊಡ್ಡ ವಿಷಯವಲ್ಲ.

ಅಪಘಾತ ಕಂಡರೆ ಹೆದರಿ ದೂರ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಕೈಕಾಲು ಹಿಡಿದು ಎತ್ತಬೇಡಿ. ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ.

ಇವತ್ತು ಸಂಜೆಯ ಹಾಲು ಕಳಿಸುವ ಮೊದಲು ಎರಡು ಕೆಲಸ ಮಾಡಿ. ಆರ್‌ಸಿ ತೆಗೆದು ಅದರಲ್ಲಿ ಯಾರ ಹೆಸರಿದೆ ನೋಡಿ. ಮಗನಿಗೋ ಮಗಳಿಗೋ 18 ತುಂಬಿಲ್ಲವಾದರೆ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಕೀ ತೆಗೆದು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಎರಡು ದಿನ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.