ಇಕ್ಕಟ್ಟಿನಲ್ಲಿ ಕಟ್ಟಡದ ಛಾಯಾಚಿತ್ರ: ಪರಿಪ್ರೇಕ್ಷ್ಯ ತಿದ್ದುಪಡಿಯ ವ್ಯಾಪ್ತಿ ಮತ್ತು ಮಿತಿ

ಗಡಿಯಾಚೆಯ ಕನ್ನಡ ನೆಲೆಗಳ ಕಟ್ಟಡಗಳನ್ನು ದಾಖಲಿಸುವ ಕ್ಷೇತ್ರಕಾರ್ಯದಲ್ಲಿ ಛಾಯಾಚಿತ್ರಕ್ಕೆ ಇಂದು ಲಿಖಿತ ಟಿಪ್ಪಣಿಯಷ್ಟೇ ಮಹತ್ವವಿದೆ. ಆದರೆ ಈ ಕಟ್ಟಡಗಳಲ್ಲಿ ಹಲವನ್ನು ದೂರ ನಿಂತು ನೋಡಲು ಜಾಗವೇ ಇರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಹಳೆಯ ಪೇಟೆಯ ವಾಡೆಗಳು ಕಿರಿದಾದ ಓಣಿಗಳಿಗೆ ಮುಖಮಾಡಿವೆ. ಕಾಸರಗೋಡಿನ ಗುಡಿಗಳು ಸುತ್ತುಪೌಳಿಯೊಳಗೆ ಅಡಕವಾಗಿವೆ. ಮಡಕಶಿರಾ ಸೀಮೆಯ ನೊಳಂಬ ದೇಗುಲಗಳ ಮಂಟಪಗಳಲ್ಲಿ ಕಂಬಗಳ ನಡುವೆಯೇ ನಿಲ್ಲಬೇಕಾಗುತ್ತದೆ. ಇಂಥಲ್ಲಿ ನಾವು ಮಾಡುವ ಸಾಮಾನ್ಯ ಉಪಾಯವೆಂದರೆ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿ ಇಡೀ ಕಟ್ಟಡವನ್ನು ಚೌಕಟ್ಟಿನೊಳಗೆ ತಂದುಕೊಳ್ಳುವುದು. ಆಗ ನೆಟ್ಟಗಿರುವ ಗೋಡೆಗಳು ಚಿತ್ರದಲ್ಲಿ ತುದಿಗೆ ಹೋದಂತೆ ಒಂದರತ್ತ ಒಂದು ಬಾಗುತ್ತವೆ. ಅನಂತರ ತಂತ್ರಾಂಶದ ನೆರವಿನಿಂದ ಅವುಗಳನ್ನು ನೇರಗೊಳಿಸಿ ಪ್ರಕಟಿಸುತ್ತೇವೆ.

ಹೀಗೆ ನೇರಗೊಂಡ ಚಿತ್ರ ನಿಜವಾದ ಚಿತ್ರವೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಕಟ್ಟಡ ಉಳಿದಿರುವವರೆಗೆ ಇದರಿಂದ ದೊಡ್ಡ ಹಾನಿಯಿಲ್ಲ, ಮತ್ತೆ ಹೋಗಿ ನೋಡಬಹುದು. ಕಟ್ಟಡ ಕೆಡವಿದ ಮೇಲೆ ಬಾಗಿಲುವಾಡದ ಅನುಪಾತವನ್ನೂ ಮಾಡಿನ ಇಳಿಜಾರನ್ನೂ ಶಾಸನಾಕ್ಷರದ ರೂಪವನ್ನೂ ಆ ಚಿತ್ರದಿಂದಲೇ ಓದಬೇಕಾಗುತ್ತದೆ. ಆದ್ದರಿಂದ ತಿದ್ದುಪಡಿ ಯಾವುದನ್ನು ಮರಳಿಸಬಲ್ಲದು, ಯಾವುದನ್ನು ಮರಳಿಸಲಾರದು ಎಂಬ ವಿವೇಚನೆ ಸಂಶೋಧಕನಿಗೆ ಅಗತ್ಯ.

ವಾಲಿಕೆ ಮತ್ತು ನಿಲುನೆಲೆ

ಮೂರು ಆಯಾಮಗಳ ವಸ್ತು ಒಂದು ಬಿಂದುವಿನಿಂದ ಸಮತಲದ ಮೇಲೆ ಮೂಡುವ ಬಗೆಯನ್ನು ಪರಿಪ್ರೇಕ್ಷ್ಯ ಎನ್ನುತ್ತೇವೆ. ಇದನ್ನು ನಿರ್ಧರಿಸುವ ಸಂಗತಿಗಳು ಎರಡು. ಮೊದಲನೆಯದು ಕ್ಯಾಮೆರಾ ನಿಂತಿರುವ ಜಾಗ. ಯಾವುದು ಯಾವುದನ್ನು ಮರೆಮಾಡುತ್ತದೆ, ಹತ್ತಿರದ್ದು ದೂರದ್ದಕ್ಕಿಂತ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೆಲ್ಲ ಈ ನಿಲುನೆಲೆಯಿಂದಲೇ ತೀರ್ಮಾನವಾಗುತ್ತದೆ. ಎರಡನೆಯದು ಸಂವೇದಕ ಅಥವಾ ಫಿಲ್ಮು ಯಾವ ಕೋನದಲ್ಲಿ ವಾಲಿದೆ ಎಂಬುದು. ಸಂವೇದಕ ಗೋಡೆಗೆ ಸಮಾಂತರವಾಗಿದ್ದರೆ ಲಂಬರೇಖೆಗಳು ಎಷ್ಟೇ ಹತ್ತಿರದಿಂದ ತೆಗೆದರೂ ಚಿತ್ರದಲ್ಲಿ ಸಮಾಂತರವಾಗಿಯೇ ಉಳಿಯುತ್ತವೆ. ಸಂವೇದಕ ಹಿಂದಕ್ಕೆ ವಾಲಿದೊಡನೆ ಅವು ಕೂಡತೊಡಗುತ್ತವೆ.

ಸಾಮೀಪ್ಯವೇ ಗೋಡೆ ಬಾಗಲು ಕಾರಣವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಸಾಮೀಪ್ಯ ನಮ್ಮನ್ನು ಕ್ಯಾಮೆರಾ ವಾಲಿಸಲು ಪ್ರೇರೇಪಿಸುತ್ತದೆ, ಬಾಗುವಿಕೆ ಹುಟ್ಟುವುದು ವಾಲಿಕೆಯಿಂದ. ವಾಲಿಕೆಯಿಂದಾದ ದೋಷವನ್ನು ಗಣಿತದ ಮೂಲಕ ಹಿಂದಕ್ಕೆ ತಿರುಗಿಸಬಹುದು, ಏಕೆಂದರೆ ನಿಲುನೆಲೆ ಬದಲಾಗದೆ ಚಿತ್ರತಲ ಮಾತ್ರ ಬದಲಾಗಿರುತ್ತದೆ. ನಿಲುನೆಲೆಯಿಂದಾದುದನ್ನು ಯಾವ ತಂತ್ರಾಂಶವೂ ಒಂದೇ ಚಿತ್ರದಿಂದ ಸರಿಪಡಿಸಲಾರದು.

ನಾಲ್ಕು ಮೀಟರ್ ಓಣಿಯ ಲೆಕ್ಕ

ಒಂದು ಓಣಿಯ ಅಗಲ 4 ಮೀಟರ್, ಅದಕ್ಕೆ ಮುಖಮಾಡಿದ ವಾಡೆಯ ಎತ್ತರ 9 ಮೀಟರ್ ಎಂದಿಟ್ಟುಕೊಳ್ಳೋಣ. ಛಾಯಾಗ್ರಾಹಕ ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ. ಕ್ಯಾಮೆರಾ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ. ಸಂವೇದಕ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ್ದು, ಅದನ್ನು ಉದ್ದುದ್ದವಾಗಿ ನಿಲ್ಲಿಸಿ, 16 ಮಿ.ಮೀ. ಸಂಗಮದೂರದ ವೈಡ್ ಆಂಗಲ್ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದಿದ್ದಾನೆ. ಸಂವೇದಕದ ಅರ್ಧ ಎತ್ತರವಾದ 18ನ್ನು 16ರಿಂದ ಭಾಗಿಸಿ ದೂರವಾದ 4ರಿಂದ ಗುಣಿಸಿದರೆ 4.5 ಮೀಟರ್ ಬರುತ್ತದೆ. ಕ್ಯಾಮೆರಾದ ಮಟ್ಟಕ್ಕಿಂತ ಅಷ್ಟು ಮೇಲಿನವರೆಗೆ, ಎಂದರೆ ನೆಲದಿಂದ 6 ಮೀಟರಿನವರೆಗೆ ಮಾತ್ರ ಗೋಡೆ ಚಿತ್ರಕ್ಕೆ ಸಿಗುತ್ತದೆ. ಮೇಲಿನ 3 ಮೀಟರ್ ತಪ್ಪಿಹೋಗುತ್ತದೆ. ಅತ್ತ ಚೌಕಟ್ಟಿನ ಕೆಳಗಿನ ಮೂರನೆಯ ಒಂದು ಭಾಗವನ್ನು ಓಣಿಯ ನೆಲ ತುಂಬುತ್ತದೆ.

ಈ ಕೊರತೆಯನ್ನು ತುಂಬಲು ಮೂರು ದಾರಿಗಳಿವೆ. ಒಂದು ಶಿಫ್ಟ್ ಲೆನ್ಸ್. ಇದರಲ್ಲಿ ಕ್ಯಾಮೆರಾವನ್ನು ಮಟ್ಟವಾಗಿಯೇ ಇಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಲಾಗುತ್ತದೆ. ಹಳೆಯ ಮರದ ಪೆಟ್ಟಿಗೆಯ ಕ್ಯಾಮೆರಾಗಳಲ್ಲಿ ಲೆನ್ಸ್ ಹೊತ್ತ ಮುಂಬದಿಯ ಹಲಗೆಯನ್ನೇ ಮೇಲಕ್ಕೆತ್ತುವ ಸೌಕರ್ಯವಿತ್ತು, 35 ಮಿ.ಮೀ. ಕ್ಯಾಮೆರಾಗಳಿಗೆ ಅದೇ ತತ್ತ್ವದ ಲೆನ್ಸನ್ನು ನಿಕಾನ್ ಸಂಸ್ಥೆ 1960ರ ದಶಕದ ಆರಂಭದಲ್ಲಿ ತಂದಿತು. 17 ಮಿ.ಮೀ. ಲೆನ್ಸನ್ನು 12 ಮಿ.ಮೀ. ಮೇಲಕ್ಕೆ ಸರಿಸಿದರೆ ನಮ್ಮ ಓಣಿಯಲ್ಲಿ ಸುಮಾರು 8.5 ಮೀಟರಿನವರೆಗೆ ದೊರೆಯುತ್ತದೆ. ಇನ್ನೊಂದು, ವಾಲಿಸಿ ತೆಗೆದು ಅನಂತರ ತಿದ್ದುವುದು. ಅದರ ಬೆಲೆಯನ್ನು ಗಮನಿಸಬೇಕು: ಕ್ಯಾಮೆರಾದಿಂದ ಗೋಡೆಯ ಬುಡ 4.3 ಮೀಟರ್ ದೂರದಲ್ಲಿದ್ದರೆ ತುದಿ 8.5 ಮೀಟರ್ ದೂರದಲ್ಲಿದೆ. ಮೇಲಿನ ಭಾಗ ಸಂವೇದಕದ ಮೇಲೆ ಸಣ್ಣದಾಗಿ ಮೂಡಿರುತ್ತದೆ. ತಂತ್ರಾಂಶ ಅದನ್ನು ಹಿಗ್ಗಿಸಿ ಬುಡಕ್ಕೆ ಸರಿದೂಗಿಸುತ್ತದೆ, ಆದರೆ ದಾಖಲಾಗದ ವಿವರವನ್ನು ಹುಟ್ಟಿಸಲಾರದು. ಮುಂಬಾಗಿಲ ನೆತ್ತಿಯ ಮೇಲೆ ಗಾರೆಯಲ್ಲಿ ಬಿಡಿಸಿದ ಕನ್ನಡ ಅಕ್ಷರಗಳಿದ್ದರೆ ಆಕಾರ ನೇರವಾದರೂ ಅಂಚುಗಳು ಮಸುಕಾಗಿಯೇ ಉಳಿಯುತ್ತವೆ. ಅಂಥ ಬರಹವನ್ನು ಬೇರೆಯಾಗಿ, ದೂರದರ್ಶಕ ಲೆನ್ಸಿನಿಂದ ತೆಗೆದುಕೊಳ್ಳಲೇಬೇಕು.

ಮೂರನೆಯ ದಾರಿ ಅಗ್ಗವಾದುದು, ಬಹಳ ಸಲ ಉತ್ತಮವಾದುದು. ಅದೇ 16 ಮಿ.ಮೀ. ಲೆನ್ಸನ್ನು ಎದುರು ಮನೆಯ ಮಹಡಿಯ ಕಿಟಕಿಯಲ್ಲಿ, ನೆಲದಿಂದ 4.5 ಮೀಟರ್ ಎತ್ತರದಲ್ಲಿ ಇಟ್ಟರೆ ಮೇಲೆ 4.5, ಕೆಳಗೆ 4.5, ಒಟ್ಟು 9 ಮೀಟರ್ ಗೋಡೆ ವಾಲಿಕೆಯಿಲ್ಲದೆ, ತಿದ್ದುಪಡಿಯ ಹಂಗಿಲ್ಲದೆ ದೊರೆಯುತ್ತದೆ. ಅಗಲದಲ್ಲಿ 6 ಮೀಟರ್ ಸಿಗುತ್ತದೆ. ವಾಡೆ ಇನ್ನೂ ಅಗಲವಾಗಿದ್ದರೆ ಪಕ್ಕದ ಕಿಟಕಿಯಿಂದ ಮತ್ತೊಂದು ಚಿತ್ರ ಬೇಕು. ಆ ಕಿಟಕಿ ತೆರೆಯುವುದು ಎದುರು ಮನೆಯವರ ಸಮ್ಮತಿಯಿಂದ. ಓಣಿಯ ಮಾತು ಮರಾಠಿಯೋ ತೆಲುಗೋ ಕನ್ನಡವೋ, ಅದರಲ್ಲಿ ಕೇಳಬಲ್ಲ ಸಂಶೋಧಕನಿಗೆ ಆ ಮಹಡಿಯ ಮೆಟ್ಟಿಲು ದೊರೆಯುವ ಸಂಭವ ಹೆಚ್ಚು. ಕಿಟಕಿ ದೊರೆಯದಿದ್ದಲ್ಲಿ ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ, ಮೊಬೈಲಿನ ಮೂಲಕ ಚಾಲಿಸುವ ರೂಢಿಯೂ ಇದೆ.

ಸಮತಲಕ್ಕೆ ಸಲ್ಲುವ ತಿದ್ದುಪಡಿ

ವಸ್ತು ಸಮತಲವಾಗಿದ್ದರೆ ತಿದ್ದುಪಡಿಯ ಶಕ್ತಿ ದೊಡ್ಡದು. ಆ ತಲದ ಮೇಲಿನ ನಾಲ್ಕು ಬಿಂದುಗಳ ನಿಜಸ್ಥಾನ ತಿಳಿದಿದ್ದು, ಅವುಗಳಲ್ಲಿ ಯಾವ ಮೂರೂ ಒಂದೇ ರೇಖೆಯಲ್ಲಿ ಇಲ್ಲದಿದ್ದರೆ, ಓರೆಯಾಗಿ ತೆಗೆದ ಚಿತ್ರವನ್ನು ನೇರ ಎದುರಿನಿಂದ ತೆಗೆದಂತೆ ಪರಿವರ್ತಿಸಬಹುದು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿಯ ದೊಡ್ಡೇಶ್ವರ ದೇಗುಲದಲ್ಲಿ ಕೆತ್ತನೆಯ ಕಲ್ಲಿನ ಜಾಲಂಧ್ರಗಳಿವೆ. ಇಂಥ ಜಾಲಂಧ್ರದ ಎದುರು ಕಂಬವೊಂದು ಅಡ್ಡಬಂದರೆ ಓರೆಯಿಂದಲೇ ತೆಗೆಯಬೇಕಾಗುತ್ತದೆ. ಚೌಕಟ್ಟಿನ ಎತ್ತರ, ಅಗಲ ಮತ್ತು ಒಂದು ಕರ್ಣವನ್ನು ಅಳೆದುಕೊಂಡಿದ್ದರೆ ಆ ಚಿತ್ರವನ್ನು ನಿಜ ಅನುಪಾತಕ್ಕೆ ತರಬಹುದು. ಎರಡು ದಿಕ್ಕಿನ ಅಳತೆಯಿಲ್ಲದೆ ಅಂಚುಗಳನ್ನಷ್ಟೇ ನೇರಗೊಳಿಸಿದರೆ ಜಾಲಂಧ್ರ ಆಯತವಾಗಿ ಕಂಡರೂ ಎಷ್ಟು ಎತ್ತರದ ಆಯತವೆಂಬುದು ಅನಿಶ್ಚಿತ.

ಶಾಸನಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಅಕ್ಷರದ ಎತ್ತರ ಅಗಲಗಳ ಅನುಪಾತ, ತಲೆಕಟ್ಟಿನ ಬಾಗು, ದುಂಡುತನ ಇವು ಲಿಪಿಶಾಸ್ತ್ರದ ಆಧಾರಗಳು. ಅಳತೆಪಟ್ಟಿಯಿಲ್ಲದೆ ಅಂದಾಜಿನಲ್ಲಿ ಹಿಗ್ಗಿಸಿದ ಚಿತ್ರದಲ್ಲಿ ದುಂಡಗಿನ ಅಕ್ಷರ ಚಪ್ಪಟೆಯಾಗಬಹುದು, ಚಪ್ಪಟೆಯಾದದ್ದು ದುಂಡಗಾಗಬಹುದು. ಕಲ್ಲಿನ ತಲದಲ್ಲಿಯೇ ಅಡ್ಡಕ್ಕೊಂದು, ಉದ್ದಕ್ಕೊಂದು ಅಳತೆಪಟ್ಟಿಯನ್ನು ಒರಗಿಸಿಡುವುದು ಇದಕ್ಕೆ ಸರಳ ಪರಿಹಾರ. ಕಲ್ಲಿಗೆ ಏನನ್ನೂ ಅಂಟಿಸಬಾರದು.

ಉದ್ದನೆಯ ಗೋಡೆಯನ್ನು ಹತ್ತಿರದಿಂದ ತೆಗೆಯಬೇಕಾದಾಗ ಗೋಡೆಗೆ ಸಮಾಂತರವಾಗಿ ಸರಿಯುತ್ತ, ಒಂದರ ಮೇಲೊಂದು ಹೊಂದುವಂತೆ ಚಿತ್ರಗಳನ್ನು ತೆಗೆದು ಜೋಡಿಸಬಹುದು. ಈ ಉಪಾಯ ಹೊಸದಲ್ಲ. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಲಿನೀಯಸ್ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇಗುಲದ ಅಧಿಷ್ಠಾನದ ಮೇಲಿನ ಶಾಸನವನ್ನು ತುಣುಕುತುಣುಕಾಗಿ ತೆಗೆದು, ಸಾಲಾಗಿ ಅಂಟಿಸಿ, ಬಹು ಉದ್ದದ ಒಂದೇ ಪಟ್ಟಿಯಾಗಿಸಿದ.

ಆಳವಿರುವ ಕಟ್ಟಡಗಳು

ಕಟ್ಟಡಕ್ಕೆ ಆಳ ಬಂದೊಡನೆ ತಿದ್ದುಪಡಿಯ ಮಿತಿ ಗೋಚರಿಸುತ್ತದೆ. ಕಾಸರಗೋಡಿನ ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದ ಗರ್ಭಗುಡಿ ಮೂರು ಅಂತಸ್ತಿನ ಗಜಪೃಷ್ಠಾಕಾರದ ರಚನೆ. ಇಂಥ ಗುಡಿಯ ಒಳ ಅಂಗಣದಲ್ಲಿ ನಿಂತರೆ ಕೆಳಗಿನ ಮಾಡಿನ ಇಳಿಜಾರು ಮೇಲಿನ ಅಂತಸ್ತಿನ ಬುಡವನ್ನು ಮರೆಮಾಡುತ್ತದೆ. ಹೊರಗೆ ಬಂದು ನಿಂತರೆ ಸುತ್ತುಪೌಳಿಯ ಮಾಡು ಕೆಳಗಿನ ಗೋಡೆಯನ್ನು ಮರೆಸುತ್ತದೆ. ಒಳಗಿನಿಂದ ತೆಗೆದ ಚಿತ್ರದ ಲಂಬರೇಖೆಗಳನ್ನು ಪರಿಪೂರ್ಣವಾಗಿ ನೇರಗೊಳಿಸಿದರೂ ಮೇಲಂತಸ್ತಿನ ನಿಜವಾದ ಎತ್ತರ ಅದರಲ್ಲಿ ಇರುವುದಿಲ್ಲ. ಅಪಾಯವಿರುವುದು ಇಲ್ಲಿಯೇ: ನೇರವಾದ ಚಿತ್ರ ವಾಸ್ತುನಕ್ಷೆಯಂತೆ ಕಾಣುವುದರಿಂದ ಅದರ ಮೇಲೆ ಅಳತೆಗೋಲಿಡುವ ಪ್ರಲೋಭನೆಯಾಗುತ್ತದೆ. ಅಂತಸ್ತುಗಳ ಅನುಪಾತವನ್ನು ಅದರಿಂದ ಲೆಕ್ಕಹಾಕಿ ಬೇರೊಂದು ಗುಡಿಯೊಡನೆ ಹೋಲಿಸಿದರೆ ಆ ಹೋಲಿಕೆ ಆರಂಭದಲ್ಲಿಯೇ ತಪ್ಪಿರುತ್ತದೆ.

ವೈಡ್ ಆಂಗಲ್ ಲೆನ್ಸು ತರುವ ಇನ್ನೊಂದು ವಿಕಾರವೂ ಇದೆ. ಸರಳರೇಖೆಯನ್ನು ಸರಳರೇಖೆಯಾಗಿಯೇ ಉಳಿಸುವ ಲೆನ್ಸು ದುಂಡುವಸ್ತುಗಳನ್ನು ಚೌಕಟ್ಟಿನ ಅಂಚಿನಲ್ಲಿ ಎಳೆಯುತ್ತದೆ. ನಡುರೇಖೆಯಿಂದ 45 ಡಿಗ್ರಿ ಆಚೆಗಿರುವ ಒಂದು ಗುಂಡು ಅಗಲಕ್ಕಿಂತ ಸುಮಾರು 1.4 ಪಟ್ಟು ಉದ್ದವಾಗಿ ಮೂಡುತ್ತದೆ. ಮಂಟಪದಲ್ಲಿ ಒಂದೇ ದಪ್ಪದ ದುಂಡುಕಂಬಗಳ ಸಾಲು ಅಂಚಿಗೆ ಹೋದಂತೆ ದಪ್ಪವಾಗಿ ಕಾಣುವುದು ಇದರಿಂದಲೇ. ಕಂಬದ ದಪ್ಪ ಮುಖ್ಯವಾದರೆ ಪ್ರತಿಯೊಂದನ್ನೂ ಚೌಕಟ್ಟಿನ ನಡುವಿಗೆ ತಂದು ತೆಗೆಯಬೇಕು.

ಆಳವನ್ನು ನಿಜವಾಗಿ ಹಿಡಿಯಲು ಅನೇಕ ನಿಲುನೆಲೆಗಳು ಬೇಕು. 1858ರಲ್ಲಿ ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಪ್ರಧಾನ ಚರ್ಚನ್ನು ಅಳೆಯುತ್ತಿದ್ದಾಗ ಆಲ್ಬ್ರೆಖ್ಟ್ ಮೈಡೆನ್‌ಬೌವರ್ ಎತ್ತರದಿಂದ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾದ. ಗೋಡೆ ಹತ್ತದೆ ಛಾಯಾಚಿತ್ರಗಳಿಂದಲೇ ಅಳೆಯಬಾರದೇಕೆ ಎಂಬ ಅವನ ಯೋಚನೆ ಆ ಅನುಭವದಿಂದ ಹುಟ್ಟಿತು. 1885ರಲ್ಲಿ ಬರ್ಲಿನ್ನಿನಲ್ಲಿ ಅದಕ್ಕಾಗಿಯೇ ಸರ್ಕಾರಿ ಸಂಸ್ಥೆ ಸ್ಥಾಪನೆಯಾಯಿತು. ಇಂದು ಅದೇ ತತ್ತ್ವದ ತಂತ್ರಾಂಶಗಳು, ಮೂರರಲ್ಲಿ ಎರಡು ಭಾಗ ಒಂದನ್ನೊಂದು ಹೊದೆಯುವ ಹತ್ತಾರು ಚಿತ್ರಗಳಿಂದ ಮೂರು ಆಯಾಮದ ಪ್ರತಿರೂಪವನ್ನು ಕಟ್ಟಿಕೊಡುತ್ತವೆ. ಇಕ್ಕಟ್ಟಾದ ಅಂಗಣಕ್ಕೆ ಇದು ಒಗ್ಗುತ್ತದೆ, ಏಕೆಂದರೆ ಇಲ್ಲಿ ಇಡೀ ಕಟ್ಟಡ ಒಂದೇ ಚಿತ್ರದಲ್ಲಿ ಸೇರಬೇಕಾಗಿಲ್ಲ. ಆದರೆ ಯಾವ ನೆಲೆಯಿಂದಲೂ ಕಾಣದ ಭಾಗ ಇದರಲ್ಲೂ ಖಾಲಿಯಾಗಿಯೇ ಉಳಿಯುತ್ತದೆ.

ತಿದ್ದುವ ಕ್ರಮ ಮತ್ತು ದಾಖಲೆಯ ಶಿಸ್ತು

ಸ್ಥಳದಲ್ಲಿ ಟ್ರೈಪಾಡಿನ ಮೇಲೆ ರಸಮಟ್ಟ ನೋಡಿ ಕ್ಯಾಮೆರಾ ನಿಲ್ಲಿಸುವುದು ಮೊದಲ ಕೆಲಸ. ಹಳೆಯ ಗೋಡೆ ತಾನೇ ವಾಲಿರಬಹುದಾದ್ದರಿಂದ ತೂಗುಗುಂಡಿನ ದಾರವೊಂದನ್ನು ಚಿತ್ರದಲ್ಲಿ ಕಾಣುವಂತೆ ಇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ತಂತ್ರಾಂಶ ವಾಲಿದ ಗೋಡೆಯನ್ನು ನೇರಮಾಡಿ, ಕಟ್ಟಡದ ಶಿಥಿಲತೆಯ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ. ತಿದ್ದುವಾಗ ಮೊದಲು ಲೆನ್ಸಿನಿಂದಾದ ರೇಖೆಗಳ ಡೊಂಕನ್ನು, ಅನಂತರ ಪರಿಪ್ರೇಕ್ಷ್ಯವನ್ನು, ಆಮೇಲೆ ಅಳತೆಪಟ್ಟಿಗೆ ಹೋಲಿಸಿ ಅನುಪಾತವನ್ನು ಸರಿಪಡಿಸಬೇಕು. ಅಂಚು ಕತ್ತರಿಸುವುದು ಕೊನೆಗೆ. ಮೊದಲೇ ಕತ್ತರಿಸಿದರೆ ಚಿತ್ರದ ನಡುಬಿಂದು ಎಲ್ಲಿತ್ತೆಂಬುದು ಕಳೆದುಹೋಗಿ ಮುಂದಿನ ಲೆಕ್ಕ ತಪ್ಪುತ್ತದೆ.

ಮೂಲಚಿತ್ರವನ್ನು ಎಂದೂ ಅಳಿಸಬಾರದು. ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು. ನಿಂತ ಜಾಗ, ಕ್ಯಾಮೆರಾದ ಎತ್ತರ, ಗೋಡೆಯ ದೂರ, ಲೆನ್ಸಿನ ಸಂಗಮದೂರ, ಸ್ಥಳದಲ್ಲಿ ಅಳೆದ ಒಂದೆರಡು ಅಳತೆಗಳು ಕ್ಷೇತ್ರಪುಸ್ತಕದಲ್ಲಿ ಇರಲಿ. ಪ್ರಕಟಿಸುವಾಗ ಚಿತ್ರದ ಕೆಳಗೆ ಲಂಬರೇಖೆಗಳನ್ನು ತಿದ್ದಲಾಗಿದೆ ಎಂದೋ, ಅನುಪಾತವನ್ನು ಅಳತೆಯಿಂದ ಪರಿಶೀಲಿಸಲಾಗಿದೆ ಎಂದೋ ಒಂದು ಸಾಲು ಬರೆದರೆ ಸಾಕು. ಗ್ರಂಥಸಂಪಾದನೆಯಲ್ಲಿ ತಿದ್ದಿದ ಪಾಠದೊಡನೆ ಮೂಲಪ್ರತಿಯ ಪಾಠವನ್ನು ಅಡಿಯಲ್ಲಿ ಕೊಡುವ ಪದ್ಧತಿ ನಮಗೆ ಪರಿಚಿತವೇ. ಕಟ್ಟಡದ ಚಿತ್ರಕ್ಕೂ ಅದೇ ಶಿಸ್ತು ಸಲ್ಲಬೇಕು. ಓಣಿ ಅಗಲವಾಗಿ ವಾಡೆ ಇಲ್ಲವಾದ ಮೇಲೆ ಅದರ ಅಳತೆಯನ್ನು ತಿಳಿಯಬಯಸುವ ಸಂಶೋಧಕನಿಗೆ ಆ ಒಂದು ಸಾಲು ಮತ್ತು ತಿದ್ದದೆ ಉಳಿಸಿದ ಮೂಲಚಿತ್ರಗಳೇ ಆಧಾರ.