ಪೊವಾಯಿ ಕೆರೆಯ ಹಸಿರು

ಪೊವಾಯಿ ಕೆರೆಯ ದಂಡೆಯಲ್ಲಿ ಸಂಜೆ ವಿಹರಿಸುವ ನಾವು ನೀರನ್ನು ಮುಚ್ಚಿದ ಹಸಿರನ್ನು ಕಂಡು ಹಿಗ್ಗುವಂತಿಲ್ಲ. ಮುಂಬಯಿಗೆ ಕುಡಿಯುವ ನೀರೊದಗಿಸಲೆಂದು 1891ರಲ್ಲಿ ಕಟ್ಟಿದ ಈ ಕೆರೆಯ ನೀರು ಇಂದು ಕುಡಿಯಲು ಯೋಗ್ಯವಲ್ಲ. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು (ನಮ್ಮ ಬಚ್ಚಲಿನ ಪಾಲೂ ಅದರಲ್ಲುಂಟು) ಪಾಚಿಗೂ ಅಂತರಗಂಗೆಗೂ ಒಳ್ಳೆಯ ಗೊಬ್ಬರ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ, ಮೀನುಗಳು ಉಸಿರುಗಟ್ಟುತ್ತವೆ.

ಯಂತ್ರದಿಂದ ಕಿತ್ತರೂ ಕಳೆ ಮತ್ತೆ ಹಬ್ಬುವುದೇಕೆ? ಕಾರಣ ತಳದ ಕೆಸರಿನಲ್ಲಿದೆ. ವರ್ಷಗಳಿಂದ ಅಲ್ಲಿ ಸಂಚಯಗೊಂಡ ರಂಜಕವು ಆಮ್ಲಜನಕ ಕುಗ್ಗಿದಾಗ ಪುನಃ ನೀರಿಗೆ ಬೆರೆಯುತ್ತದೆ. ಆಳ ಕಡಿಮೆಯಾದ್ದರಿಂದ ಗಾಳಿಯೂ ಕೆಸರನ್ನು ಕಲಕುತ್ತದೆ. ಮೊದಲು ಕೊಳಚೆಯ ಹರಿವನ್ನು ತಡೆಯಬೇಕು. ಆನಂತರವೂ ಕೆರೆ ತಿಳಿಯಾಗಲು ವರ್ಷಗಳೇ ಬೇಕು.